ಕರಿ ಚುಕ್ಕಿಯ ತೊಗರಿ

ಭಾಲ್ಕಿಯಿಂದ ತಮ್ಮ ಕಳಿಸಿದ ತೊಗರಿಯ ಗಂಟನ್ನು ನಿನ್ನೆ ಬೆಳಿಗ್ಗೆ ಬಿಚ್ಚಿದೆ. ಹೊಟ್ಟಿನ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರು ಭಾತಂಬ್ರಾದಲ್ಲಿ ಪಕ್ಕದ ಮನೆಯಲ್ಲಿದ್ದ, ಚಿಕ್ಕಮ್ಮನಂತಿದ್ದ ಕಾಕು ಮೊರ ಹಿಡಿದು ಕಣ್ಣ ಮುಂದೆ ಬಂದು ಕೂತುಬಿಟ್ಟರು...

ಅದೇ ಗುಂಗಿನಲ್ಲಿ ಲ್ಯಾಬಿಗೆ ಹೋದೆ. ನನ್ನದೂ ಒಂದು ಥರ ಕಾಳು ಹಸನು ಮಾಡುವ ಕೆಲಸವೇ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೆಗೆದ ಪ್ರೋಟೀನ್ ಕಣಗಳ ಲಕ್ಷಗಟ್ಟಲೆ ಮಸುಕು ಚಿತ್ರಗಳನ್ನು ಕಂಪ್ಯೂಟರು ಗುಂಪು ಮಾಡುತ್ತದೆ. ಎಷ್ಟು ಗುಂಪು ಎಂದು ಮಾತ್ರ ಮೊದಲೇ ನಾವು ಹೇಳಬೇಕು. ಕಡಿಮೆ ಹೇಳಿದರೆ ಅಪರೂಪದ ಆಕಾರವೊಂದು ದೊಡ್ಡ ಗುಂಪಿನಲ್ಲಿ ಕರಗಿ ಹೋಗುತ್ತದೆ.

ಕಾಕುವಿನದು ಎಷ್ಟೋ ವರ್ಷಗಳ ಹಿಂದಿನ ಮಾತು, ಊರಲ್ಲಿ ಮಳೆ ಕೈಕೊಟ್ಟ ಎರಡನೇ ವರ್ಷ ಅದು. ಅರ್ಧ ಓಣಿ ದುಡಿಯಲು ಹೈದರಾಬಾದಿಗೆ ಹೋಗಿತ್ತು. ಕಾಕುವಿನ ಮನೆಯವರೂ ಹೊರಟು ನಿಂತಿದ್ದರು. ಅದಕ್ಕೂ ಮೊದಲು ಕಾಕು ಮುಂದಿನ ಬಿತ್ತನೆಗೆ ಬೀಜ ಆರಿಸುತ್ತಿದ್ದರು. ನಾನು ಬೀದರಿನ ಕಾಲೇಜಿನಿಂದ ರಜೆಗೆ ಬಂದಿದ್ದೆ. ವಿಜ್ಞಾನ ಓದುವ ಜಂಭ ಬೇರೆ.

"ಛಲೋದು, ಕೆಟ್ಟದ್ದು, ಎರಡ ಗುಂಪ ಸಾಕಲ್ರಿ ಕಾಕು?"

"ಮೊದಲೇ ಹ್ಯಾಂಗ ಹೇಳಬೇಕವಾ? ನೋಡಕೋತ ಹೋದಂಗ ಕಾಳೇ ಹೇಳ್ತಾವ, ತಡಿ," ಎಂದು ನಕ್ಕು ನೀರಿಗೆ ಎದ್ದು ಹೋದರು.

ಪಕ್ಕದಲ್ಲಿ ಮೂರನೆಯದೊಂದು ಗುಂಪಿತ್ತು. ಒಂದು ಬೊಗಸೆ ಸಣ್ಣ ಕಾಳು, ಮೈಮೇಲೆ ಕರಿ ಚುಕ್ಕಿ. ಕೆಟ್ಟದ್ದೆಂದು ಕೋಳಿಗಳಿಗೆ ಎರಚಿಬಿಟ್ಟೆ. ಎಂಥ ಶಾಣ್ಯಾತನ ನನ್ನದು!

ಮರಳಿ ಬಂದ ಕಾಕು ಕೊಡ ಇಳಿಸಿ ಕೋಳಿಗಳ ಕಡೆ ನೋಡಿದರು.

"ಹೊಲ ಪೂರಾ ಒಣಗಿದಾಗ ಆ ಚುಕ್ಕಿ ಕಾಳಿನ ನಾಕ ಗಿಡ ಅಷ್ಟೇ ಉಳದಿದ್ದವು..."

ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಚುಚ್ಚುತ್ತಿರಲಿಲ್ಲವೇನೋ. ಇಬ್ಬರೂ ಕೋಳಿಗಳ ಕಾಲಡಿ ತಡಕಾಡಿದೆವು. ಒಂಬತ್ತು ಕಾಳು ಸಿಕ್ಕವು. ಅವನ್ನೇ ಸೆರಗಿಗೆ ಗಂಟು ಹಾಕಿಕೊಂಡು ಕಾಕು ಬಸ್ಸು ಹತ್ತಿದರು. ಮತ್ತೆ ಊರಿಗೆ ಬರಲೇ ಇಲ್ಲ. ಹೈದರಾಬಾದಿನಲ್ಲೇ ತೀರಿಕೊಂಡರೆಂದು ಎಷ್ಟೋ ದಿನದ ಮೇಲೆ ತಿಳಿಯಿತು...

ನಿನ್ನೆ ಲ್ಯಾಬಿನಲ್ಲಿ, ಕಂಪ್ಯೂಟರಿಗೆ ಇಪ್ಪತ್ತು ಗುಂಪು ಎಂದು ಕೊಟ್ಟಿದ್ದನ್ನು ಅಳಿಸಿ ನೂರು ಎಂದು ಹಾಕಿದೆ. ಮಧ್ಯಾಹ್ನ ತೆರೆಯ ಮೂಲೆಯಲ್ಲಿ ಪುಟ್ಟದೊಂದು ಗುಂಪು ಮೂಡಿತು. ಅದರೊಳಗೆ ಬೆರಳೆಣಿಕೆಯಷ್ಟೇ ಚಿತ್ರಗಳು. ಜೊತೆಗಾತಿ ಕಸವೆಂದು ಅಳಿಸಲು ಹೋದಳು.

"ಇರಲಿ ಬಿಡು!" ಎಂದೆ. ಜೋರಾಗಿಯೇ ಅಂದಿರಬೇಕು, ಅವಳು ಬೆಚ್ಚಿದಳು.

ಸಂಜೆ ಮನೆಗೆ ಬಂದವಳೇ ತಮ್ಮನ ತೊಗರಿಯನ್ನೆಲ್ಲ ಮೊರಕ್ಕೆ ಸುರಿದುಕೊಂಡು ಕೂತೆ. ಎಲ್ಲವೂ ದಪ್ಪ, ಎಲ್ಲವೂ ಒಂದೇ ಬಣ್ಣ. ಒಂದೊಂದೇ ಕಾಳು ಸರಿಸಿ ನೋಡಿದೆ. ಕರಿ ಚುಕ್ಕಿಯದು ಒಂದೂ ಸಿಗಲಿಲ್ಲ, ಕಾಕು.