ರೈಟರ್ ರವಿಚಂದ್ರನ ಎಂಟು ಕೆ.ಜಿ. ಸೈಕಲ್

ವನಗೂರಿನ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿರುವ ರವಿಚಂದ್ರನಿಗೆ ತನ್ನ ರೇಸ್ ಸೈಕಲ್ಲಿನ ತೂಕ ಇಳಿಸುವ ಹುಚ್ಚು. ಜೀಪುಗಳೇ ಏದುಸಿರು ಬಿಡುವ ಏರು ಅಲ್ಲಿನದು. ನೂರು ಗ್ರಾಂ ಕಮ್ಮಿಯಾದರೂ ತೊಡೆಗೆ ಗೊತ್ತಾಗುತ್ತದೆ ಎನ್ನುತ್ತಿದ್ದ. ಸ್ಟ್ಯಾಂಡು, ಬೆಲ್ಲು ಬಿಚ್ಚಿ ಎಸೆದ. ತೆಳು ಟೈರು, ಹಗುರ ಚಕ್ರ ಹಾಕಿಸಿದ. ಪ್ರತಿ ಸಲವೂ ಸೈಕಲ್ಲನ್ನು ಸ್ಟೋರಿನಲ್ಲಿ ಕಾಫಿ ಹಣ್ಣು ತೂಗುವ ತಕ್ಕಡಿಯ ಕೊಕ್ಕೆಗೆ ನೇತುಹಾಕಿ ನೋಡುತ್ತಿದ್ದ. ಒಂದು ದಿನ ಮುಳ್ಳು ಎಂಟಕ್ಕೆ ನಿಂತಿತು. ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ಭಾನುವಾರ ಸಕಲೇಶಪುರದ ಸೈಕಲ್ ಅಂಗಡಿಯಲ್ಲಿ ತೂಗಿದರೆ ಒಂಬತ್ತು! ರವಿಚಂದ್ರ ಜಗಳಕ್ಕೇ ನಿಂತ. ಅಂಗಡಿಯವನು ಪಕ್ಕದ ದಿನಸಿ ಅಂಗಡಿಯಿಂದ ಐದು ಕೆ.ಜಿ. ಅಕ್ಕಿ ಚೀಲ ತಂದು ತೂಗಿದ. ಸರಿಯಾಗಿ ಐದೇ ಬಂತು.

ಸೋಮವಾರ ಸಂಜೆ ಸ್ಟೋರಿನ ಮುಂದೆ ರವಿಚಂದ್ರ ಕೂಗಾಡಿದ. "ನಮ್ ತಕ್ಕಡಿ ಒಂದ್ ಕೆ.ಜಿ. ನುಂಗ್ತೈತೆ ಕಣ್ರೀ! ನನ್ ಮರ್ಯಾದೆ ಹೋಗ್ಬುಡ್ತು!"

ಕೆ.ಜಿ. ಲೆಕ್ಕದ ಕೂಲಿಗೆ ಕುಯ್ದ ಹಣ್ಣು ತೂಗಿಸಲು ಸಾಲಿನಲ್ಲಿ ನಿಂತಿದ್ದ ವಿಶಾಲಮ್ಮ ತಲೆಯ ಮೇಲಿನ ಚೀಲವನ್ನು ಮೆಲ್ಲಗೆ ಕೆಳಗಿಳಿಸಿದರು.

"ಎರಡ್ ವರ್ಸದಿಂದ ನಾವೂ ಅದ್ನೇ ಹೇಳ್ತಿದ್ವಲ್ಲ ರೈಟ್ರೇ. ಸುಳ್ಳ್ ಹೇಳ್ಬ್ಯಾಡಿ ಅಂತ ಬೈತಿದ್ರಿ. ನಾವ್ ಹೇಳ್ದಾಗ ನಂಬ್ಲಿಲ್ಲ, ಸೈಕಲ್ ಹೇಳಿದ್ಮ್ಯಾಲೆ ನಂಬುದ್ರಿ."

ರವಿಚಂದ್ರನಿಗೆ ಮುಖ ಎತ್ತಲಾಗಲಿಲ್ಲ. ಆ ಸಂಜೆ ಅವನು ಆಳುಗಳ ಲೈನ್ ಮನೆಗಳನ್ನು ದಾಟುವವರೆಗೂ, ಇಳಿಜಾರಿನಲ್ಲೂ, ಸೈಕಲ್ಲನ್ನು ತಳ್ಳಿಕೊಂಡೇ ಹೋದ.