ಬೀಗರೂಟದ ಗ್ಲೂಕೋಸ್

ಮೊಮ್ಮಗನ ಮದುವೆಯ ಮಾರನೆಯ ದಿನ, ನಂದಗುಡಿಯ ಹೆಣ್ಣಿನ ಮನೆಯಲ್ಲಿ ಬೀಗರೂಟ. ಅವನ ತಂಗಿ, ನನ್ನ ಮೊಮ್ಮಗಳು, "ಸಾಕು" ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಬಡಿಸುವವರು ಬಿಡಲಿಲ್ಲ.

"ಇನ್ನೊಂದು ಮುದ್ದೆ ಕಣಮ್ಮಾ, ಬೇಡ ಅಂದ್ರೆ ನಮ್ಗೆ ಬೇಜಾರಾಗತ್ತೆ!"

ಮುದ್ದೆ, ಅನ್ನ, ಮೇಲೆ ಲಾಡು. ಹಾಗೆ ಹೊಟ್ಟೆ ಬಿರಿಯ ತಿಂದು ಮಲಗಿದರೆ ನಮ್ಮಿಬ್ಬರ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಕೈಕಾಲು ಬಿದ್ದುಹೋಗುತ್ತದೆ. ಎಲ್ಲ ಕೇಳಿಸುತ್ತದೆ, ಬೆರಳೆತ್ತಲಾಗದು. ಅಪ್ಪನಿಂದ ನನಗೆ ಬಂದದ್ದು, ಮಗನಿಗೆ ಅಷ್ಟಾಗಿ ತೋರದೆ ಮೊಮ್ಮಗಳಿಗೆ ಇಳಿಯಿತು. ಚಿಕ್ಕಂದಿನಲ್ಲಿ ನಾನು ಕಾನ್ವೆಂಟಿನ ಹಾಸ್ಟೆಲಿನಲ್ಲಿ ಚಾಪೆಲ್ ಗಂಟೆ ಕೇಳುತ್ತಾ ಕದಲಲಾಗದೆ ಬಿದ್ದಿರುತ್ತಿದ್ದೆ. ಎಷ್ಟು ಸ್ವೀಟ್ ಆಗಿತ್ತು ಆ ಗಂಟೆ! ಸಿಸ್ಟರ್ ಮಾತ್ರ "ಲೇಜಿ ಗರ್ಲ್" ಎನ್ನುತ್ತಿದ್ದರು. ಗಂಡನ ಮನೆಯವರು ಅದನ್ನೇ ನಾಟಕ ಎಂದರು.

ಊಟವಾಗಿ ಚಾಪೆಯ ಮೇಲೆ ಮಲಗಿದ್ದ ಹುಡುಗಿ ಸಂಜೆ ಕಾಫಿಗೆ ಕರೆದರೆ ಏಳಲಿಲ್ಲ. "ಅಜ್ಜಿ, ಬಂತು," ಎಂದಳು.

ಸುಸ್ತು ಎಂದರೆ ಗ್ಲೂಕೋಸ್. ನಮ್ಮ ಕಡೆ ಅದಕ್ಕಿಂತ ದೊಡ್ಡ ಔಷಧಿಯಿಲ್ಲ. ಬೀಗಿತ್ತಿ ದೊಡ್ಡ ಲೋಟದ ತುಂಬ ಕಲಸಿಕೊಂಡು ಓಡಿಬಂದರು. ನಮಗೆ ಅದೇ ವಿಷ. ಸಕ್ಕರೆ ಸೇರಿದಷ್ಟೂ ಪೊಟ್ಯಾಸಿಯಂ ಇನ್ನೂ ಇಳಿಯುತ್ತದೆ, ಹಾರ್ಟಿಗೂ ತಟ್ಟಬಹುದು. ಸೊಸೆಗೆ ಇದು ಚೆನ್ನಾಗಿ ಗೊತ್ತು. ಆದರೂ ಲೋಟ ಇಸಿದುಕೊಂಡು ಮಗಳ ತುಟಿಗೆ ಹಿಡಿದಳು. ಮಗು "ಬೇಡ" ಎಂದಿತು.

ಸೊಸೆ ನನ್ನ ಕಿವಿಯಲ್ಲಿ, "ಸುಮ್ನಿರಿ ಅತ್ತೆ, ಒಂದ್ಗುಟುಕಿಗೆ ಏನಾಗಲ್ಲ. ಇವ್ರಿಗೆ ಗೊತ್ತಾದ್ರೆ ನಾಳೆ ಇವಳನ್ನ ಯಾರ್ ಮಾಡ್ಕೋತಾರೆ?" ಎಂದಳು.

ಮೈಯೆಲ್ಲ ಉರಿದುಹೋಯಿತು. ನೆಲದಿಂದ ಏಳಲು ನನಗೀಗ ಗೋಡೆ ಬೇಕು. ಕೂತಲ್ಲಿಂದಲೇ ಕೈ ಬೀಸಿದೆ. ಗ್ಲೂಕೋಸೆಲ್ಲ ಬೀಗಿತ್ತಿಯ ರೇಷ್ಮೆ ಸೀರೆಯ ಮೇಲೆ.

"ಸ್ಟಾಪ್ ಇಟ್! ಇದು ಸುಸ್ತಲ್ಲ ಕಣ್ರೀ, ಕಾಯಿಲೆ. ನಮ್ಮ ವಂಶದ್ದು, ನನಗೂ ಇದೆ. ಅವಳ ಬ್ಯಾಗಲ್ಲಿ ಪೊಟ್ಯಾಸಿಯಂ ಸಿರಪ್ ಇದೆ, ನೀರಲ್ಲಿ ಹಾಕಿ ಕೊಡಿ. ಕಾರ್ ತೆಗೆಸಿ, ಹೊಸಕೋಟೆ ಆಸ್ಪತ್ರೆಗೆ ಹೋಗ್ಬೇಕು!"

ಸೀರೆ ಒರೆಸಿಕೊಳ್ಳದೆ ಬ್ಯಾಗಿಗೆ ಕೈ ಹಾಕಿದವರು ಬೀಗಿತ್ತಿಯೇ. "ಅಯ್ಯೋ, ಮೊದ್ಲೇ ಹೇಳ್ಬಾರ್ದಾ?" ಎಂದರು. ಸಾಕು ಎಂದು ಹೇಳಿದ್ದಳಲ್ಲ, ಯಾರು ಕೇಳಿದಿರಿ ಎಂದು ಅವರ ಮೇಲೂ ರೇಗಿದೆ.

ಕಾರಿನಲ್ಲಿ ಹುಡುಗಿಯ ತಲೆ ನನ್ನ ತೊಡೆಯ ಮೇಲಿತ್ತು. ಮುಂದಿನ ಸೀಟಿನಲ್ಲಿ ಸೊಸೆ ಅಳುತ್ತಿದ್ದಳು.

"ಎಲ್ಲಾರ್ ಮುಂದೆ ಹೇಳ್ಬಿಟ್ರಲ್ಲ. ಇನ್ ಯಾರ್ ಮಾಡ್ಕೋತಾರೆ ಇವಳನ್ನ?"

"ಬೇಡ ಅಂದ್ರೆ ಕೇಳಿಸ್ಕೊಳ್ಳೋನು," ಎಂದಳು ಮಲಗಿದ್ದವಳು.