ತಾತನ ಹಲ್ಲು, ಅಜ್ಜಿಯ ಸೀಬೆಕಾಯಿ

ಬೆಳಿಗ್ಗೆ ನನ್ನ ಹೊಸ ಹಲ್ಲಿನ ಸೆಟ್ಟು ಲೋಟದ ನೀರಿನಲ್ಲಿ ಮುಳುಗಿರುವುದನ್ನು ನೋಡಿದೆ. ಯಲಹಂಕದ ಹಳೆಯ ಮನೆಯ ಹಿತ್ತಾಳೆ ಚೊಂಬು ಕಣ್ಣಿಗೆ ಕಟ್ಟಿತು.

ತಾತ ಹಲ್ಲು ಕಟ್ಟಿಸಿಕೊಂಡು ಬಂದಾಗ ಬೀದಿಯೇ ನೋಡಲು ಬಂದಿತ್ತು. ಸಂಜೆ ಅದನ್ನು ತೊಳೆದು ಚೊಂಬಿನಲ್ಲಿಡುವುದು ಅಜ್ಜಿಯ ಕೆಲಸ. ಅಜ್ಜಿಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ.

"ಅವಳಿಗ್ಯಾಕೆ? ಮುದ್ದೆ ನುಂಗೋದು ತಾನೆ, ಅಗಿಯೋದಲ್ವಲ್ಲ" ಎನ್ನುತ್ತಿದ್ದರು ತಾತ. ಅವರು ಉಣ್ಣುತ್ತಿದ್ದದ್ದೂ ಅದೇ ಮುದ್ದೆ!

ನಾನಾಗ ಹೆಣ್ಣುಮಕ್ಕಳ ಹಕ್ಕಿನ ಕರಪತ್ರಗಳನ್ನು ಬಾಯಿಪಾಠ ಮಾಡಿಕೊಂಡು, ಕೂತಲ್ಲಿ ಕೂರದೆ ಉರಿಯುತ್ತಿದ್ದ ಹುಡುಗಿ. ಒಂದು ಸಂಜೆ ಹಿತ್ತಲಿಗೆ ಹೋದರೆ, ಅಜ್ಜಿ ತಾತನ ಹಲ್ಲನ್ನು ತನ್ನ ಬಾಯಿಗೆ ತುರುಕಿಕೊಂಡು ಸೀಬೆಕಾಯಿ ಕಚ್ಚಲು ಹೆಣಗುತ್ತಿದ್ದಳು. ಸೆಟ್ಟು ಜಾರಿ ಕಾಯಿಗೇ ಕಚ್ಚಿಕೊಂಡಿತು.

"ಯಾರ್ಗೂ ಏಳ್ಬ್ಯಾಡ ಕಣಮ್ಮಿ. ಒಂದ್ಸಲ ಕಟುಕ್ ಅನ್ನಿಸ್ಬೇಕು ಅಂತ ಆಸೆ ಆಯ್ತು."

ನಾನು ತಡೆಯಲಾರದೆ ಕಾಯಿಯನ್ನು ಹಲ್ಲಿನ ಸಮೇತ ಕಿತ್ತುಕೊಂಡು ತಾತನ ಮುಂದೆ ಹಿಡಿದೆ.

"ಅಜ್ಜಿಗೂ ಕಟ್ಸಿ. ಅಲ್ಲೀವರ್ಗೂ ಇದನ್ನ ಕೊಡಲ್ಲ."

"ಏನಮ್ಮಿ, ನನ್ ಮುಂದೇನೇ ಭಾಷಣನಾ?" ಎಂದು ತಾತ ಬೊಚ್ಚುಬಾಯಲ್ಲಿ ಗದರಿದರು.

ಅಷ್ಟರಲ್ಲಿ ಅಜ್ಜಿ ಓಡಿಬಂದು ಸೆಟ್ಟು ಬಿಡಿಸಿ, ತೊಳೆದು, ತಾತನ ಕೈಗೆ ಕೊಟ್ಟುಬಿಟ್ಟಳು. ಆಮೇಲೆ ಮೂಲೆಯಲ್ಲಿ ಕೂತು, ಎಲೆಅಡಿಕೆ ಕುಟ್ಟುವ ಕುಟ್ಟಾಣಿಗೆ ಸೀಬೆಚೂರುಗಳನ್ನು ಹಾಕಿ ಕುಟ್ಟತೊಡಗಿದಳು. ಸಾಯುವವರೆಗೂ ಅವಳಿಗೆ ಯಾರೂ ಹಲ್ಲು ಕಟ್ಟಿಸಲಿಲ್ಲ. ಆ ಕುಟ್ಟಾಣಿಯ ಸದ್ದು ಇವತ್ತಿಗೂ ನನ್ನನ್ನು ನೆಮ್ಮದಿಯಾಗಿ ಕೂರಲು ಬಿಡುವುದಿಲ್ಲ.

ಈಗ ಸೊಸೆ ಅಡುಗೆಮನೆಯಿಂದ ಕೇಳಿದಳು: "ಅತ್ತೆ, ಮುದ್ದೆ ಮಾಡ್ಲಾ? ಅಗಿಯೋ ಕಷ್ಟ ಇರಲ್ಲ."

"ಬೇಡ ಕಣಮ್ಮ, ಒಂದು ಸೀಬೆಕಾಯಿ ತಗೊಂಡ್ಬಾ" ಎಂದೆ. "ಹೆಚ್ಬೇಡ."